ನ್ಯಾಸ

ಹುಮನಾಬಾದಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಸಂದೂಕವಿದೆ. ಅದರ ತಳದಲ್ಲಿ ನಿಜಾಮರ ಆಳ್ವಿಕೆಯ ಕಾಲದ ಹೊಲದ ಖರೀದಿಪತ್ರಗಳು ಉರ್ದು ಲಿಪಿಯಲ್ಲಿ, ಫಸಲಿ 1350ನೆಯ ವರ್ಷವನ್ನು ನೆತ್ತಿಯ ಮೇಲೆ ಹೊತ್ತು ಮಲಗಿವೆ. ಅವುಗಳ ಮೇಲೆ ಸಾಲ ಕೊಟ್ಟುದನ್ನೂ ಕೊಂಡುದನ್ನೂ ಮೋಡಿ ಲಿಪಿಯ ಮರಾಠಿಯಲ್ಲಿ ಗುರುತಿಟ್ಟ ಚೀಟಿಗಳ ಕಟ್ಟು. ಅದರ ಮೇಲೆ, 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಕನ್ನಡ ನಾಡಿನೊಡನೆ ಕೂಡಿಕೊಂಡ ತರುವಾಯ ನನ್ನ ತಂದೆಯವರು ಕನ್ನಡದಲ್ಲಿ ಬರೆಯತೊಡಗಿದ ದಿನಚರಿಗಳು. ಎಲ್ಲಕ್ಕೂ ಮೇಲೆ, ಅಂಚು ಹಳದಿಗಟ್ಟಿದ ಛಾಯಾಚಿತ್ರಗಳು. ಮೂರು ತಲೆಮಾರುಗಳ ಬಾಳು ಮೂರು ಲಿಪಿಗಳಲ್ಲಿ ಪದರಪದರವಾಗಿ ಶೇಖರವಾಗಿರುವ ಇಂಥ ಸಂದೂಕಗಳು ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಇಂದಿಗೂ ಉಂಟು.

ಆದರೆ ಕಳೆದ ಹದಿನೈದು ವರ್ಷಗಳಿಂದ ಈಚೆಗೆ ನಮ್ಮ ಮನೆಯಲ್ಲಿ ಹುಟ್ಟಿದ ಸ್ಮೃತಿಯ ಒಂದು ತುಣುಕೂ ಆ ಸಂದೂಕವನ್ನು ಸೇರಿಲ್ಲ. ಮದುವೆಯ ಚಿತ್ರಗಳು, ವೀರಭದ್ರೇಶ್ವರ ಜಾತ್ರೆಯ ಚಲಚ್ಚಿತ್ರಗಳು, ಮಕ್ಕಳ ಮೊದಲ ಮಾತು, ಇವೆಲ್ಲವೂ ಮೊಬೈಲುಗಳಲ್ಲಿಯೂ ಮೇಜಿನ ಖಾನೆಯಲ್ಲಿ ಬಿದ್ದಿರುವ ಪೆನ್‌ಡ್ರೈವ್‌ಗಳಲ್ಲಿಯೂ ಚದರಿಹೋಗಿವೆ. ನನ್ನ ತಾಯಿ ತನ್ನ ಕೊನೆಯ ವರ್ಷಗಳಲ್ಲಿ, ಬಸವಕಲ್ಯಾಣದ ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತು, ನೆನಪಾದಾಗ ನೆನಪಾದಷ್ಟು ಹಾಡಿದ ಬೀಸುವ ಕಲ್ಲಿನ ಪದಗಳನ್ನು ನಾನು ಧ್ವನಿಮುದ್ರಿಸಿ, ನಲವತ್ತೊಂದನ್ನೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇರಿಸಿದ್ದೆನು. ಅದು ತಿರುಗುತ್ತಿರುವಾಗಲೇ ಯಾರದೋ ಕಾಲು ಅದರ ತಂತಿಗೆ ತೊಡರಿ, ಮೇಜಿನಿಂದ ನೆಲಕ್ಕೆ ಬಿದ್ದಿತು. ಮತ್ತೆ ಜೋಡಿಸಿದಾಗ ಒಳಗಿನಿಂದ ಟಕ್ ಟಕ್ ಎಂಬ ಸದ್ದಲ್ಲದೆ ಬೇರೇನೂ ಹೊರಡಲಿಲ್ಲ. ಅವ್ವ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅಕ್ಕನ ಮಗನ ಮೊಬೈಲಿನಲ್ಲಿ ಒಂದೇ ಒಂದು ಪದ ಉಳಿದಿತ್ತು. "ಇನ್ನ ಮ್ಯಾಲ ಎಲ್ಲಾ ಒಂದೇ ಕಡಿ ಇಡಬ್ಯಾಡ್ರಿ, ಮಾಮಾ" ಎಂದು ಅವನು ಮೆಲ್ಲಗೆ ಹೇಳಿದನು. ನಮ್ಮ ಮನೆಗೆ ಸಂಗ್ರಹಪೆಟ್ಟಿಗೆಯೊಂದು ಬಂದುದರ ಕಾರಣ ಇಷ್ಟೇ.

ಈ ಪೆಟ್ಟಿಗೆಯನ್ನು ಅಂಗಡಿಯವರು 'ನ್ಯಾಸ್' ಎನ್ನುತ್ತಾರೆ. ಜಾಲಕ್ಕೆ ಜೋಡಿಸಿದ ಸಂಗ್ರಹ ಎಂಬ ಅರ್ಥದ ಮೂರು ಆಂಗ್ಲ ಪದಗಳ ಮೊದಲಕ್ಷರಗಳಿಂದ ಆದ ಹೆಸರು ಅದು. ನಮ್ಮ 'ನ್ಯಾಸ'ಕ್ಕೂ ಅದಕ್ಕೂ ವಂಶಸಂಬಂಧವೇನೂ ಇಲ್ಲ. ಆದಾಗ್ಯೂ ಆ ಶಬ್ದವನ್ನು ಮೊದಲು ಕೇಳಿದಾಗ ನನ್ನ ಮನಸ್ಸು ಒಮ್ಮೆಗೇ ಬಸವಕಲ್ಯಾಣಕ್ಕೆ ಹೋಯಿತು. ಏಕೆಂದರೆ, ಆ ಊರು ಚಾಲುಕ್ಯರ ರಾಜಧಾನಿಯಾಗಿ, ಆರನೆಯ ವಿಕ್ರಮಾದಿತ್ಯನು 1076ರಿಂದ ಅರ್ಧಶತಮಾನ ಕಾಲ ಅಲ್ಲಿಂದ ಆಳುತ್ತಿದ್ದಾಗ, ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ಎಂಬ ವ್ಯಾಖ್ಯಾನದಲ್ಲಿ, ಒಬ್ಬನು ಮತ್ತೊಬ್ಬನ ವಶದಲ್ಲಿ ನಂಬಿ ಇರಿಸಿದ ವಸ್ತುವಿನ ವಿಚಾರವು ಬಂದಿದೆ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಕೊಟ್ಟುದು ಉಪನಿಧಿ. ಇಟ್ಟುಕೊಳ್ಳುವ ಮನೆಯ ಯಜಮಾನನ ಸಮಕ್ಷಮದಲ್ಲಿ ಒಪ್ಪಿಸಿದ್ದು ನಿಕ್ಷೇಪ. ಯಜಮಾನನು ಇಲ್ಲದಿರುವಾಗ, ಅವನಿಗೆ ತಲಪಿಸಿರೆಂದು ಮನೆಯವರ ಕೈಯಲ್ಲಿ ಇಟ್ಟುಹೋದದ್ದು ನ್ಯಾಸ. ಇವಕ್ಕೆಲ್ಲ ವಿಧಿ ಒಂದೇ: ಇಟ್ಟ ವಸ್ತುವನ್ನು ಇಟ್ಟಂತೆಯೇ ಹಿಂದಿರುಗಿಸಬೇಕು. ಇಟ್ಟುಕೊಂಡವನ ಹೊಣೆಗೆ ಹೊರತಾದ ನಷ್ಟಗಳು ಮೂರು: ರಾಜನಿಂದ ಆದದ್ದು, ದೈವದಿಂದ ಆದದ್ದು, ತಸ್ಕರರಿಂದ ಆದದ್ದು.

ಮನೆಯಲ್ಲಿ ಸಂಗ್ರಹಪೆಟ್ಟಿಗೆಯನ್ನು ಸ್ಥಾಪಿಸಬಯಸುವವರು ಈ ವಿಧಿಯೊಂದನ್ನು ಮನಸ್ಸಿನಲ್ಲಿ ಇರಿಸಿಕೊಂಡರೆ ಮಿಕ್ಕ ತಾಂತ್ರಿಕ ವಿವರಗಳು ತಾವಾಗಿಯೇ ತಮ್ಮ ತಮ್ಮ ಸ್ಥಾನದಲ್ಲಿ ಕೂಡುವುವೆಂಬುದು ನನ್ನ ದೃಢವಾದ ಅಭಿಪ್ರಾಯ. ಪೆಟ್ಟಿಗೆ ಎಷ್ಟು ಹಿಡಿಯುತ್ತದೆ ಎಂಬುದು ಎರಡನೆಯ ಪ್ರಶ್ನೆ. ಕೇಳಿದ ದಿನ, ಇಟ್ಟದ್ದನ್ನು ಇಟ್ಟಂತೆ ಹಿಂದಕ್ಕೆ ಕೊಡುತ್ತದೆಯೇ ಎಂಬುದು ಮೊದಲನೆಯದು.

ವಸ್ತುತಃ ನ್ಯಾಸ್ ಎಂಬುದು ಪರದೆಯೂ ಕೀಲಿಮಣೆಯೂ ಇಲ್ಲದ ಒಂದು ಸಣ್ಣ ಕಂಪ್ಯೂಟರು. ನಮ್ಮದು ಎರಡು ಡಿಸ್ಕುಗಳು ಕೂಡುವಷ್ಟು ದೊಡ್ಡದು, ಅಂದರೆ ಅಕ್ಕಿ ಅಳೆಯುವ ಎರಡು ಸೇರುಗಳನ್ನು ಪಕ್ಕಪಕ್ಕದಲ್ಲಿ ಇರಿಸಿದಷ್ಟು. ಅದು ಹಗಲಿರುಳು ಎಚ್ಚರವಿದ್ದು, ಮನೆಯ ರೌಟರಿನ ಮೂಲಕ ಬರುವ ಬೇಡಿಕೆಗಳನ್ನು ಆಲಿಸಿ, ಯಾರು ಕೇಳಿದರು, ಅವರಿಗೆ ಕೊಡಬಹುದೇ ಎಂದು ವಿಚಾರಿಸಿ, ಕೊಡತಕ್ಕದ್ದನ್ನು ಕೊಡುತ್ತದೆ. ಕೇಳುವವರಿಗೂ ಕೊಡುವವರಿಗೂ ಸಮಾನವಾದ ಭಾಷೆಯೊಂದು ಬೇಕಷ್ಟೆ; ಅಂಥ ಭಾಷೆಗಳಲ್ಲಿ ಪ್ರಸಿದ್ಧವಾದ ಎಸ್‌ಎಂಬಿಯನ್ನು 1980ರ ದಶಕದ ಮೊದಲಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ರೂಪಿಸಿದರು. ಆ ಭಾಷೆಯನ್ನು ಯಾವ ಕಂಪ್ಯೂಟರು ಬೇಕಾದರೂ ಆಡಬಹುದಾದಂತೆ, ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ 'ಸಾಂಬಾ' ಎಂಬ ತಂತ್ರಾಂಶವನ್ನು ಬರೆದು ಲೋಕಕ್ಕೆ ಮುಕ್ತವಾಗಿ ಒಪ್ಪಿಸಿದರು. ಇಂದು ಮನೆಮನೆಯ ನ್ಯಾಸ್ ಪೆಟ್ಟಿಗೆಗಳಲ್ಲಿ ಉಸಿರಾಡುತ್ತಿರುವುದು ಬಹುತೇಕ ಆ ತಂತ್ರಾಂಶವೇ.

ಪೆಟ್ಟಿಗೆಯು ಕಾವಲುಗಾರನಾದರೆ ನಿಧಿಯಿರುವುದು ಡಿಸ್ಕಿನಲ್ಲಿ. ಬೀದರ ಜಿಲ್ಲೆಯು ಕನ್ನಡ ನಾಡನ್ನು ಸೇರಿದ 1956ರಲ್ಲಿಯೇ ಐಬಿಎಂ ಸಂಸ್ಥೆಯು ಮೊತ್ತಮೊದಲ ಡಿಸ್ಕ್ ಸಂಗ್ರಹವನ್ನು ಹೊರತಂದಿತು. ಎರಡಡಿ ವ್ಯಾಸದ ಐವತ್ತು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ, ಸುಮಾರು ಒಂದು ಟನ್ ತೂಗುತ್ತಿದ್ದ ಆ ಮಹಾಯಂತ್ರದಲ್ಲಿ ಹಿಡಿಯುತ್ತಿದ್ದುದು ಐದು ಮೆಗಾಬೈಟ್, ಎಂದರೆ ಇಂದಿನ ಮೊಬೈಲು ತೆಗೆಯುವ ಒಂದೆರಡು ಛಾಯಾಚಿತ್ರಗಳು. ನಾವು ಕೊಂಡ ಡಿಸ್ಕು ಅಂಗೈಯಲ್ಲಿ ನಿಲ್ಲುತ್ತದೆ. ಅದರಲ್ಲಿ ನಾಲ್ಕು ಟೆರಾಬೈಟ್, ಅಂದರೆ ನಲವತ್ತು ಲಕ್ಷ ಮೆಗಾಬೈಟ್ ಅಡಗುತ್ತದೆ. ಚಿತ್ರವೊಂದಕ್ಕೆ ನಾಲ್ಕು ಮೆಗಾಬೈಟಿನಂತೆ ಲೆಕ್ಕ ಹಿಡಿದರೆ ಹತ್ತು ಲಕ್ಷ ಚಿತ್ರಗಳು. ನಿಮಿಷಕ್ಕೆ ನೂರು ಮೆಗಾಬೈಟ್ ನುಂಗುವ ಚಲಚ್ಚಿತ್ರವಾದರೆ ಆರುನೂರ ಅರವತ್ತು ಗಂಟೆಗಳಿಗೂ ಮಿಗಿಲು. ಹೊಸದಾಗಿ ಕೊಂಡವರು ತಮ್ಮ ಕಂಪ್ಯೂಟರು ನಾಲ್ಕರ ಬದಲು 3.63 ಎಂದು ತೋರಿಸುವುದನ್ನು ಕಂಡು ಗಾಬರಿಗೊಳ್ಳಬೇಕಾಗಿಲ್ಲ. ತಯಾರಕರು ಕಿಲೋ ಎಂದರೆ 1000 ಎಂದೆಣಿಸುತ್ತಾರೆ, ಕಂಪ್ಯೂಟರು 1024 ಎಂದೆಣಿಸುತ್ತದೆ. ನಾಲ್ಕು ಸಲ ಗುಣಿಸುವಷ್ಟರಲ್ಲಿ ಆ ಸಣ್ಣ ಅಂತರವೇ ನೂರಕ್ಕೆ ಒಂಬತ್ತರಷ್ಟಾಗಿ ಬೆಳೆಯುತ್ತದೆ.

ಈ ಡಿಸ್ಕಿನ ಒಳಗನ್ನು ಬಲ್ಲವರು ಅದನ್ನು ಎಂದಿಗೂ ಮೇಜಿನ ಅಂಚಿನಲ್ಲಿ ಇಡಲಾರರು. ನಿಮಿಷಕ್ಕೆ 5400 ಸಲ, ಅಂದರೆ ಸೆಕೆಂಡಿಗೆ ತೊಂಬತ್ತು ಸಲ ಸುತ್ತುವ ನುಣುಪಾದ ತಟ್ಟೆಯ ಹೊರ ಅಂಚು ಗಂಟೆಗೆ ಸುಮಾರು 97 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ನಮ್ಮೂರ ಮಗ್ಗುಲಲ್ಲಿ ಸಾಗುವ ಮುಂಬಯಿ ಹೈದರಾಬಾದು ಹೆದ್ದಾರಿಯ ಬಸ್ಸೂ ಅಷ್ಟು ವೇಗವಾಗಿ ಹೋಗುವುದಿಲ್ಲ. ತಟ್ಟೆಯ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಅದರ ಸುತ್ತುವಿಕೆಯಿಂದಲೇ ಎದ್ದ ಗಾಳಿಯ ಪದರವನ್ನು ಆನಿಸಿಕೊಂಡು, ಓದುವ ಬರೆಯುವ ಸೂಕ್ಷ್ಮವಾದ ತಲೆಯೊಂದು ತೇಲುತ್ತಿರುತ್ತದೆ. ಮನುಷ್ಯನ ಕೂದಲು ಆ ಎತ್ತರಕ್ಕೆ ಸಾವಿರಾರು ಪಟ್ಟು ದಪ್ಪ. ಓಡುತ್ತಿರುವ ಡಿಸ್ಕು ಕೆಳಗೆ ಬಿದ್ದಾಗ ತಲೆಯು ತಟ್ಟೆಗೆ ತಗುಲಿ, ಅಕ್ಷರಗಳನ್ನು ಹೊತ್ತ ಕಾಂತಲೇಪವನ್ನೇ ಕೆರೆದುಹಾಕುತ್ತದೆ. ಅವ್ವನ ನಲವತ್ತು ಪದಗಳು ಹೋದದ್ದು ಹಾಗೆ.

ಪತನದಂತೆಯೇ ತಾಪವೂ ಇದಕ್ಕೆ ಶತ್ರು. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ಮುಚ್ಚಿದ ಕಪಾಟಿನೊಳಗೆ ಇರಿಸಿದ ಡಿಸ್ಕು, ಸಾಮಾನ್ಯವಾಗಿ ತಯಾರಕರು ಹೇಳುವ 60 ಡಿಗ್ರಿಯ ಮಿತಿಯ ಸಮೀಪಕ್ಕೆ ಹೋಗುವುದು ಕಷ್ಟವಲ್ಲ. ಮಣ್ಣಿನ ಮೇಲ್ಮುದ್ದೆಯ, ದಪ್ಪ ಕಲ್ಲುಗೋಡೆಯ ಹಳೆಯ ಕೋಣೆಯೊಂದು ನಮ್ಮ ಮನೆಯಲ್ಲಿ ಉಳಿದಿರುವುದರಿಂದ, ಅಲ್ಲಿಯ ಗೂಡಿನಲ್ಲಿ, ಹಿಂದುಗಡೆ ಒಂದು ಗೇಣು ತೆರಪು ಬಿಟ್ಟು ಪೆಟ್ಟಿಗೆಯನ್ನು ಕೂರಿಸಿದೆವು.

ಸ್ಥಾಪನೆಯ ದಿನ ಅಕ್ಕನ ಮಗ ಬಸವಕಲ್ಯಾಣದಿಂದ ಬಂದನು. ಡಿಸ್ಕುಗಳನ್ನು ಖಾನೆಗಳಿಗೆ ಜಾರಿಸಿ, ರೌಟರಿಗೆ ತಂತಿ ಜೋಡಿಸಿ, ಕಂಪ್ಯೂಟರಿನ ಬ್ರೌಸರಿನಲ್ಲಿ ಪೆಟ್ಟಿಗೆಯ ಪುಟವನ್ನು ತೆರೆಯುವಷ್ಟರಲ್ಲಿ ಅರ್ಧ ಗಂಟೆಯೂ ಆಗಲಿಲ್ಲ. ಮನೆಯ ಜಾಲದಲ್ಲಿ ಪ್ರತಿಯೊಂದು ಸಾಧನಕ್ಕೂ ರೌಟರು ಒಂದು ಸಂಖ್ಯಾವಿಳಾಸವನ್ನು ಕೊಡುತ್ತದೆ. ಅದು ದಿನದಿನಕ್ಕೆ ಬದಲಾಗುವುದೂ ಉಂಟು. ಅಂಚೆಯವನಿಗೆ ಮನೆ ಸಿಗಬೇಕಾದರೆ ಮನೆಯ ನಂಬರು ಸ್ಥಿರವಾಗಿರಬೇಕಾದುದರಿಂದ, 192.168 ಎಂದು ಮೊದಲಾಗುವ ಒಂದು ವಿಳಾಸವನ್ನು ಈ ಪೆಟ್ಟಿಗೆಗೇ ಕಾದಿರಿಸುವಂತೆ ರೌಟರಿನಲ್ಲಿ ಬರೆದೆವು. ಇಂಥ ವಿಳಾಸಗಳು ಮನೆಯೊಳಗೆ ಮಾತ್ರ ಸಲ್ಲುತ್ತವೆ. ಹೊರಜಗತ್ತಿನ ಅಂತರಜಾಲದಲ್ಲಿ ಇವುಗಳಿಗೆ ಹಾದಿಯಿಲ್ಲ. ಹೀಗಾಗಿ ಲಕ್ಷಾಂತರ ಮನೆಗಳು ಒಂದೇ ಸಂಖ್ಯೆಯನ್ನು ಪರಸ್ಪರ ಬಾಧೆಯಿಲ್ಲದೆ ಬಳಸುತ್ತಿವೆ.

ಹಳೆಯ ಕಂಪ್ಯೂಟರಿನಲ್ಲಿದ್ದ ಸುಮಾರು 500 ಗಿಗಾಬೈಟ್ ಸಾಮಗ್ರಿಯನ್ನು ಪೆಟ್ಟಿಗೆಗೆ ಸಾಗಿಸತೊಡಗಿದಾಗ ಒಂದು ವಿಚಿತ್ರ ಕಂಡಿತು. ಸೆಕೆಂಡಿಗೆ ನೂರಹತ್ತು ಮೆಗಾಬೈಟಾದರೂ ಸಾಗಬೇಕಾದಲ್ಲಿ ಹನ್ನೊಂದೇ ಸಾಗುತ್ತಿದ್ದಿತು; ಒಂದೂಕಾಲು ಗಂಟೆಯ ಕೆಲಸಕ್ಕೆ ಹನ್ನೆರಡು ಗಂಟೆಗಳಿಗೂ ಮಿಕ್ಕು ಬೇಕೆಂದು ಪರದೆ ಹೇಳುತ್ತಿತ್ತು. ಹನ್ನೊಂದು ಎಂಬ ಅಂಕಿಯೇ ಇಲ್ಲಿ ದಾರಿ ತೋರಿಸಿತು. ಜಾಲದ ತಂತಿಯೊಳಗೆ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಸೆಕೆಂಡಿಗೆ ನೂರು ಮೆಗಾಬಿಟ್ ಸಾಗಿಸುವ ಹಳೆಯ ಪದ್ಧತಿಗೆ ಎರಡು ಜೋಡಿ ಸಾಕು. ಸಾವಿರ ಮೆಗಾಬಿಟ್ ಸಾಗಿಸುವ ಗಿಗಾಬಿಟ್ ಪದ್ಧತಿಗೆ ನಾಲ್ಕೂ ಜೋಡಿ ಬೇಕು. ಹಳೆಯ ಪದ್ಧತಿಗೆ ಬೇಡದ ಎರಡು ಜೋಡಿಗಳಲ್ಲಿ ಒಂದು ಎಳೆ ಕಡಿದರೂ ಎರಡು ತುದಿಯ ಸಾಧನಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಹಳೆಯ ವೇಗಕ್ಕೆ ಇಳಿಯುತ್ತವೆ, ಯಾರಿಗೂ ಹೇಳುವುದಿಲ್ಲ. ಎಂಟು ಬಿಟ್ಟಿಗೆ ಒಂದು ಬೈಟಾದ್ದರಿಂದ ನೂರು ಮೆಗಾಬಿಟ್ ಎಂದರೆ ಹನ್ನೆರಡೂವರೆ ಮೆಗಾಬೈಟ್; ವ್ಯವಹಾರದ ಖರ್ಚು ಕಳೆದರೆ ಹನ್ನೊಂದು. ತಂತಿಯನ್ನು ಬದಲಿಸಿದೊಡನೆ ವೇಗ ಹತ್ತು ಮಡಿಯಾಯಿತು. ಸರಿಯಾಗಿ ಅಳೆದ ಒಂದು ಅಂಕಿಯು ಎಷ್ಟೋ ಊಹೆಗಳನ್ನು ಉಳಿಸುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನವನ್ನು ನಾನು ಕಂಡಿಲ್ಲ.

ಎರಡು ಡಿಸ್ಕುಗಳನ್ನೇಕೆ ಕೊಂಡೆವೆಂದು ಇಲ್ಲಿ ಹೇಳಬೇಕು. ಒಂದರಲ್ಲಿ ಬರೆದುದೆಲ್ಲವೂ ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಮೂಡುವಂತೆ ಅವನ್ನು ಜೊತೆಗೂಡಿಸಬಹುದು. ಒಂದು ಸತ್ತರೆ ಇನ್ನೊಂದು ನಿಲುಗಡೆಯಿಲ್ಲದೆ ಸೇವೆಯನ್ನು ನಡೆಸುತ್ತದೆ, ಸತ್ತುದರ ಸ್ಥಾನದಲ್ಲಿ ಹೊಸದನ್ನು ಇಟ್ಟರೆ ಅದಕ್ಕೆ ತಾನೇ ಎಲ್ಲವನ್ನೂ ಬರೆದುಕೊಡುತ್ತದೆ. ಇದು ರೇಡ್ ಎಂಬ ಪದ್ಧತಿಯ ಮೊದಲ ಬಗೆ. ಬರ್ಕ್‌ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಈ ಮೂವರು, ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ ದುಬಾರಿಯಾದ ಒಂದು ಡಿಸ್ಕಿಗಿಂತ ನೆಚ್ಚಿಕೆಯುಳ್ಳದ್ದನ್ನಾಗಿ ಮಾಡುವ ಬಗೆಗಳನ್ನು 1988ರ ಪ್ರಬಂಧವೊಂದರಲ್ಲಿ ವಿಂಗಡಿಸಿ ಹೆಸರಿಟ್ಟರು. ಮೂರು ಡಿಸ್ಕುಗಳಿದ್ದರೆ ಇನ್ನೂ ಸೊಗಸಾದ ಉಪಾಯವೊಂದುಂಟು: ಮೊದಲನೆಯದರಲ್ಲಿ 7, ಎರಡನೆಯದರಲ್ಲಿ 5 ಇದ್ದರೆ ಮೂರನೆಯದರಲ್ಲಿ ಅವುಗಳ ಮೊತ್ತವಾದ 12ನ್ನು ಬರೆದಿಟ್ಟರೆ, ಮೂರರಲ್ಲಿ ಯಾವುದು ಕಳೆದುಹೋದರೂ ಉಳಿದೆರಡರಿಂದ ಅದನ್ನು ಕಂಡುಹಿಡಿಯಬಹುದು. ಯಂತ್ರವು ಕೂಡುವ ಬದಲು ಬಿಟ್ಟುಗಳ ಸಮ ಬೆಸವನ್ನು ನೋಡುತ್ತದೆಯೆಂಬುದಷ್ಟೇ ವ್ಯತ್ಯಾಸ.

ಆದರೆ ಇಲ್ಲಿಯೇ ಬಹುಮಂದಿ ಮೋಸಹೋಗುತ್ತಾರೆ. ಜೊತೆಗೂಡಿಸಿದ ಡಿಸ್ಕು ಕನ್ನಡಿ. ಕನ್ನಡಿಯ ಮುಂದಿನ ದೀಪ ಆರಿದರೆ ಕನ್ನಡಿಯೊಳಗಿನ ದೀಪವೂ ಆರುತ್ತದೆ. ಅಕ್ಕನ ಮಗನಿಗೆ ಇದನ್ನು ತೋರಿಸಲೆಂದು ಬೇಡವಾದ ಒಂದು ಚಿತ್ರವನ್ನು ಅವನ ಕೈಯಿಂದಲೇ ಅಳಿಸಿಸಿದೆನು. ಎರಡು ಡಿಸ್ಕುಗಳಿಂದಲೂ ಅದು ಏಕಕಾಲದಲ್ಲಿ ಇಲ್ಲವಾಯಿತು. ರೇಡ್ ಕಾಯುವುದು ಡಿಸ್ಕಿನ ಮರಣದಿಂದ ಮಾತ್ರ. ಕೈತಪ್ಪಿನಿಂದಲೂ ಸಿಡಿಲಿನಿಂದಲೂ ಕಳ್ಳನಿಂದಲೂ ಅದು ಕಾಯಲಾರದು. ಅದನ್ನು ಪ್ರತಿಯೆಂದು ಎಣಿಸಿದವನು ಒಂದೇ ಪ್ರತಿಯುಳ್ಳವನು.

ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಆ ಮೂರು ಭಯಗಳನ್ನು ಒಂದೊಂದಾಗಿ ನೋಡೋಣ. ದೈವ ಎಂಬುದರಲ್ಲಿ ನಮ್ಮ ಕಡೆ ಮೊದಲು ಬರುವುದು ವಿದ್ಯುತ್ತು. ಕಡತವೊಂದನ್ನು ಬರೆಯುವಾಗ ಪೆಟ್ಟಿಗೆಯು ಅಕ್ಷರಗಳನ್ನು ಒಂದು ಕಡೆ, ಅವು ಎಲ್ಲಿವೆಯೆಂಬ ಪಟ್ಟಿಯನ್ನು ಇನ್ನೊಂದು ಕಡೆ ಬರೆಯುತ್ತದೆ; ಎರಡರ ನಡುವೆ ಕರೆಂಟು ಹೋದರೆ ಪಟ್ಟಿಗೂ ವಸ್ತುವಿಗೂ ತಾಳೆ ತಪ್ಪುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವು ನಮ್ಮ ಕಿರಾಣಿ ಅಂಗಡಿಗಳವರು ಎಂದಿನಿಂದಲೂ ಬಲ್ಲದ್ದು: ಮಾಡಲಿರುವ ಕೆಲಸವನ್ನು ಮೊದಲು ಕಚ್ಚಾ ವಹಿಯಲ್ಲಿ ಗುರುತಿಟ್ಟು, ಆಮೇಲೆ ಖಾತೆಗೆ ಏರಿಸುವುದು. ಮತ್ತೆ ಎಚ್ಚತ್ತ ಪೆಟ್ಟಿಗೆಯು ಕಚ್ಚಾ ವಹಿಯನ್ನು ನೋಡಿ ಅರ್ಧಕ್ಕೆ ನಿಂತುದನ್ನು ಪೂರೈಸುತ್ತದೆ, ಇಲ್ಲವೆ ಕೈಬಿಡುತ್ತದೆ. ಆದರೂ ಕರೆಂಟು ಹೋಗದಂತೆ ನೋಡಿಕೊಳ್ಳುವುದೇ ಲೇಸು. ಮನೆಯ ಸಾಧಾರಣ ಇನ್ವರ್ಟರು ದೀಪಗಳಿಗೆ ಸಾಕು. ಅದು ಸರದಿ ಬದಲಿಸುವ ಕಣ್ಣೆವೆಯಷ್ಟು ಹೊತ್ತಿನಲ್ಲಿ ಪೆಟ್ಟಿಗೆ ಒಮ್ಮೆ ಸತ್ತು ಹುಟ್ಟುವುದುಂಟು. ಆದ್ದರಿಂದ ಒಂದು ಸಣ್ಣ ಯುಪಿಎಸ್ ಬೇಕು, ಅದಕ್ಕೂ ಪೆಟ್ಟಿಗೆಗೂ ಯುಎಸ್‌ಬಿ ತಂತಿಯ ಸಂಬಂಧ ಬೇಕು. ಬ್ಯಾಟರಿ ಮುಗಿಯುವ ಸೂಚನೆ ಬಂದೊಡನೆ ಪೆಟ್ಟಿಗೆಯು ವಹಿಗಳನ್ನೆಲ್ಲ ಮುಚ್ಚಿ ತಾನಾಗಿ ಮಲಗುತ್ತದೆ. ಇಪ್ಪತ್ತು ವಾಟಿನ ಇಂಥ ಪೆಟ್ಟಿಗೆಗೆ ತಿಂಗಳಿಗೆ ಹದಿನಾಲ್ಕು ಹದಿನೈದು ಯೂನಿಟ್ ಕರೆಂಟು ಸಾಕು.

ತಸ್ಕರನು ಇಂದು ಕನ್ನ ಕೊರೆದು ಬರಬೇಕಾಗಿಲ್ಲ. 2021ರ ಏಪ್ರಿಲಿನಲ್ಲಿ 'ಕ್ಯೂಲಾಕರ್' ಎಂಬ ದುಷ್ಟ ತಂತ್ರಾಂಶವು ಅಂತರಜಾಲಕ್ಕೆ ಬಾಗಿಲು ತೆರೆದುಕೊಂಡಿದ್ದ ಮನೆಮನೆಯ ನ್ಯಾಸ್ ಪೆಟ್ಟಿಗೆಗಳನ್ನು ಹೊಕ್ಕು, ಕಡತಗಳನ್ನೆಲ್ಲ ಗುಪ್ತಪದದಿಂದ ಬಿಗಿದ ಗಂಟುಗಳನ್ನಾಗಿ ಕಟ್ಟಿ, ಬಿಚ್ಚಿಕೊಡಲು 0.01 ಬಿಟ್‌ಕಾಯಿನ್ ಒತ್ತೆಹಣವನ್ನು ಕೇಳಿತು. ದೂರದೂರಿನಿಂದ ಮನೆಯ ಚಿತ್ರಗಳನ್ನು ನೋಡಬೇಕೆಂಬ ಸಣ್ಣ ಆಸೆಗಾಗಿ ರೌಟರಿನಲ್ಲಿ ಕಿಂಡಿ ಕೊರೆದವರೇ ಅದಕ್ಕೆ ತುತ್ತಾದವರು. ನಾವು ಆ ಕಿಂಡಿಯನ್ನು ತೆರೆಯಲಿಲ್ಲ. ಯಂತ್ರದೊಡನೆ ಬಂದ 'ಅಡ್ಮಿನ್' ಎಂಬ ಖಾತೆಯನ್ನು ಮುಚ್ಚಿ, ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಗುಪ್ತಪದ ಕೊಟ್ಟು, ಹಳೆಯ ಚಿತ್ರಗಳ ಕೋಣೆಯನ್ನು ಎಲ್ಲರೂ ನೋಡಬಹುದು ಆದರೆ ಅಳಿಸಲಾಗದು ಎಂದು ಕಟ್ಟುಪಾಡು ಮಾಡಿದೆವು.

ಇನ್ನು ರಾಜ. ಮೊಬೈಲಿನಲ್ಲಿ ತೆಗೆದುದೆಲ್ಲ ತಾನಾಗಿ ದೂರದ ಸಂಸ್ಥೆಯೊಂದರ ಉಗ್ರಾಣವನ್ನು ಸೇರುತ್ತಿರುವಾಗ ಮನೆಯಲ್ಲಿ ಈ ಪರಿಶ್ರಮವೇಕೆಂದು ಕೇಳುವವರಿದ್ದಾರೆ. ಅಂಥ ಉಗ್ರಾಣಗಳು ಉಪಯುಕ್ತವಾದವುಗಳೇ, ನಾನೂ ಬಳಸುತ್ತೇನೆ. ಆದರೆ ಉಗ್ರಾಣದ ಕಟ್ಟಳೆಯನ್ನು ಮಾಡುವವನು ಉಗ್ರಾಣದ ಒಡೆಯ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಸಂಗ್ರಹವನ್ನು ನಿಲ್ಲಿಸಿದುದು ನ್ಯಾಯವಾಗಿಯೇ, ಮುಂಗಡವಾಗಿ ತಿಳಿಸಿಯೇ ನಡೆದ ಬದಲಾವಣೆ. ಆದರೂ ಕಟ್ಟಳೆ ಬದಲಾಗುತ್ತದೆಂಬುದಕ್ಕೆ ಅದು ಸಾಕ್ಷಿ. ಒಂದು ಪ್ರತಿ ಅಲ್ಲಿರಲಿ, ಎಲ್ಲ ಪ್ರತಿಗಳೂ ಅಲ್ಲೇ ಇರುವುದು ಬೇಡ.

ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಒಂದು ಶಿವಾಲಯವಿದೆ. ಅದರ ಹೊರಭಿತ್ತಿಯ ಶಿಲಾಬಾಲಿಕೆಯರಲ್ಲಿ ಒಬ್ಬಳು, ಬೆನ್ನನ್ನು ನಮ್ಮತ್ತ ತಿರುವಿ, ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಕಲ್ಲಿನಲ್ಲಿ ಬರೆಯುತ್ತ ನಿಂತಿದ್ದಾಳೆ. ಒಂಬೈನೂರು ವರ್ಷಗಳ ಮಳೆ ಬಿಸಿಲಿಗೂ ಆ ಅಕ್ಷರಗಳು ಅಳಿಯಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ, ಅಲ್ಲಿಗೆ ಹೆಚ್ಚು ದೂರವಲ್ಲದ ಕಲ್ಯಾಣದಲ್ಲಿ, ಬಸವಣ್ಣನವರೂ ಅವರ ಒಡನಾಡಿಗಳೂ ನುಡಿದ ವಚನಗಳು ಸೇರಿದ್ದು ತಾಳೆಗರಿಯನ್ನು. ಗೆದ್ದಲಿಗೂ ಬೆಂಕಿಗೂ ಸುಲಭದ ತುತ್ತು. ಬಿಜ್ಜಳನ ಕಾಲದ ಕ್ಷೋಭೆಯಲ್ಲಿ ಶರಣರು ಊರು ತೊರೆದು ನಾಲ್ಕು ದಿಕ್ಕಿಗೆ ಚದರಿದಾಗ ಕಟ್ಟುಗಳನ್ನು ಹೊತ್ತು ಹೋದರೆಂದು ಪರಂಪರೆ ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಅವನ್ನು ಅರಸಿ, ಸಂಕಲಿಸಿ, ಮತ್ತೆ ಪ್ರತಿ ಮಾಡಿದರು. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆಯ ಜಗಲಿಯಿಂದ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಅಚ್ಚಿಗೆ ತಂದರು. ಶಿಲೆಯು ಉಳಿದದ್ದು ತನ್ನ ಗಟ್ಟಿತನದಿಂದ. ಓಲೆಯು ಉಳಿದದ್ದು ಹಲವಾಗಿದ್ದುದರಿಂದ, ಹಲವೆಡೆ ಇದ್ದುದರಿಂದ, ಮತ್ತು ತಲೆಮಾರಿಗೊಮ್ಮೆ ಯಾರೋ ಒಬ್ಬರು ಕುಳಿತು ಮರುಬರೆದುದರಿಂದ. ಹಾರ್ಡ್ ಡಿಸ್ಕು ಎಷ್ಟೇ ಗಟ್ಟಿಯಾದ ಲೋಹದ ಕವಚದಲ್ಲಿದ್ದರೂ ಶಿಲೆಯ ವಂಶದ್ದಲ್ಲ, ಓಲೆಯ ವಂಶದ್ದು. ಅದನ್ನು ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ಪ್ರತಿ ಮಾಡುತ್ತಲೇ ಇರಬೇಕು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ತಮ್ಮ ಪುಸ್ತಕವೊಂದರಲ್ಲಿ ಇದನ್ನು ಮೂರು ಅಂಕಿಗಳ ಸೂತ್ರವನ್ನಾಗಿ ಮಾಡಿದರು: ಪ್ರತಿಗಳು ಮೂರು, ಅವು ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ನಮ್ಮ ಮನೆಯಲ್ಲಿ ಪೆಟ್ಟಿಗೆಯೊಳಗಣದು ಒಂದು ಪ್ರತಿ. ಪ್ರತಿರಾತ್ರಿ ಅದರಿಂದ ತಾನಾಗಿ ಪ್ರತಿಯಾಗುವ ಹೊರಡಿಸ್ಕು ಎರಡನೆಯದು. ಅಳಿಸಿದ ಕಡತದ ಹಳೆಯ ರೂಪವು ಅದರಲ್ಲಿ ಮೂರು ತಿಂಗಳು ಉಳಿದಿರುತ್ತದೆ. ಮೂರನೆಯದು ಮೂವತ್ತು ಕಿಲೋಮೀಟರ್ ಆಚೆ, ಬಸವಕಲ್ಯಾಣದ ಅಕ್ಕನ ಮನೆಯಲ್ಲಿ. ತಿಂಗಳಿಗೊಮ್ಮೆ ಇಲ್ಲಿಯ ಡಿಸ್ಕೊಂದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿಯಿಂದ ತಿರುಗಿ ಊರೊಳಕ್ಕೆ ಹೋಗಿ, ಅಲ್ಲಿದ್ದುದನ್ನು ಹಿಂದಕ್ಕೆ ತರುತ್ತೇನೆ. ದಾರಿಯಲ್ಲಿ ಕಳೆದರೂ ಪರರಿಗೆ ಓದಲು ಬಾರದಂತೆ ಅದರ ಅಕ್ಷರಗಳೆಲ್ಲ ಗೂಢಲಿಪಿಯಲ್ಲಿವೆ. ಬಿಡಿಸುವ ಗುಪ್ತಪದವನ್ನು ಕಾಗದದ ಮೇಲೆ ಬರೆದು ಅಟ್ಟದ ಸಂದೂಕದಲ್ಲಿ, ಅಜ್ಜನ ಉರ್ದು ಪತ್ರಗಳ ಕೆಳಗೆ ಇರಿಸಿದ್ದೇನೆ. ನಾನಿಲ್ಲದ ದಿನವೂ ಮಕ್ಕಳಿಗೆ ಅದು ಸಿಗಬೇಕು.

ಮೊದಲ ಸಲ ಡಿಸ್ಕನ್ನು ಒಪ್ಪಿಸಿದಾಗ ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಇದರಾಗ ಅವ್ವನ ಹಾಡ ಅದ ಅಂತಿ, ದೇವರ ಕೋಣ್ಯಾಗ ಇಡ್ಲೇನಪ್ಪಾ?" ಎಂದು ಕೇಳಿದಳು. ದೀಪದ ಕಾವು, ಎಣ್ಣೆಯ ಹೊಗೆ ಅದಕ್ಕೆ ಆಗದು, ಕಬ್ಬಿಣದ ಕಪಾಟಿನಲ್ಲಿ ಸೀರೆಗಳ ನಡುವೆ ಇಡಕ್ಕ ಎಂದೆನು. ಮನೆಯ ಯಜಮಾನರು ಆ ದಿನ ಊರಲ್ಲಿರಲಿಲ್ಲ. ವಿಜ್ಞಾನೇಶ್ವರನ ಊರಿನಲ್ಲಿ, ಅವನು ಹೇಳಿದ ಲಕ್ಷಣಕ್ಕೆ ಸರಿಯಾಗಿ, ಅದು ನ್ಯಾಸವೇ ಆಯಿತು.

ಉಳಿದದ್ದು ಹಿಂದಿರುಗಿಸುವ ಮಾತು. ಡಿಸ್ಕಿನಲ್ಲಿದ್ದ ಅಕ್ಷರವು ಯಾರೂ ಮುಟ್ಟದೆಯೇ, ಕಾಲಾಂತರದಲ್ಲಿ ಒಂದು ಬಿಟ್ಟಿನಷ್ಟು ಕೆಡುವುದುಂಟು. ಕೆಟ್ಟದ್ದನ್ನೇ ಪ್ರತಿ ಮಾಡುತ್ತ ಹೋದರೆ ಪ್ರತಿಗಳೆಲ್ಲ ಕೆಟ್ಟವೇ ಆಗುತ್ತವೆ. ಓಲೆಗಳನ್ನು ಸಂಪಾದಿಸುವ ವಿದ್ವಾಂಸರು ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡುವಂತೆ ಯಂತ್ರವೂ ತಾಳೆ ನೋಡುತ್ತದೆ. ಕಡತವೊಂದರ ಸಮಸ್ತ ಬಿಟ್ಟುಗಳನ್ನು ಎಸ್‌ಎಚ್‌ಎ-256 ಎಂಬ ಗಣಿತಕ್ರಿಯೆಗೆ ಒಳಪಡಿಸಿದರೆ 64 ಅಕ್ಷರಗಳ ಒಂದು ಮುದ್ರೆ ಹೊರಬೀಳುತ್ತದೆ; ಎಷ್ಟೇ ದೊಡ್ಡ ಕಡತದಲ್ಲಿಯೂ ಒಂದೇ ಒಂದು ಬಿಟ್ಟು ಬದಲಾದರೆ ಆ ಮುದ್ರೆಯೆಲ್ಲ ಗುರುತು ಸಿಗದಂತೆ ಬೇರೆಯಾಗುತ್ತದೆ. ಪ್ರತಿ ಕಡತದ ಮುದ್ರೆಯನ್ನು ಬರೆದಿಟ್ಟುಕೊಂಡು, ತಿಂಗಳಿಗೊಮ್ಮೆ ಪೆಟ್ಟಿಗೆ ತಾನೇ ಎಲ್ಲವನ್ನೂ ಮತ್ತೆ ಓದಿ ತಾಳೆ ನೋಡುವಂತೆ ಏರ್ಪಡಿಸಿದ್ದೇವೆ. ಆದರೆ ಯಂತ್ರದ ಮಾತನ್ನಷ್ಟೇ ನಂಬಿ ಕೂರುವುದು ನ್ಯಾಸಧರ್ಮವಲ್ಲ. ಹೊಸದಾಗಿ ಪೆಟ್ಟಿಗೆ ಕೊಂಡ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ದೂರದ ಪ್ರತಿಯಿಂದ ಯಾವುದಾದರೊಂದು ಕಡತವನ್ನು, ನಿಮ್ಮ ಕೈಯಿಂದಲೇ, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿರಿ, ಹಾಗೆ ತೆರೆದು ನೋಡುವ ತನಕ ಸ್ಥಾಪನೆ ಮುಗಿಯಿತೆಂದು ತಿಳಿಯಬೇಡಿರಿ.

ಅಕ್ಕನ ಮನೆಯಲ್ಲಿ ನಾವು ಆ ಪರೀಕ್ಷೆಗೆ ಆರಿಸಿಕೊಂಡದ್ದು ಉಳಿದ ಆ ಒಂದು ಪದವನ್ನು. ಮೂರು ನಿಮಿಷ ಹದಿನೆಂಟು ಸೆಕೆಂಡಿನ ಆ ಧ್ವನಿಯ ಮುದ್ರೆಯು ಮೂರು ಪ್ರತಿಗಳಲ್ಲಿಯೂ ಒಂದೇ ಆಗಿದೆ.